ಎಸ್ತರ್ ಮೆಕಾಯ್: ಮನೆಗಳ ಚರಿತ್ರೆ ಬರೆದಾಕೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರೆ ನಮ್ಮಲ್ಲಿ. ಲಾಸ್ ಏಂಜಲೀಸಿಗೆ ಓದೋಕೆ ಬಂದ ನಮ್ಮಂಥವರು ಇದಕ್ಕೆ ಇನ್ನೊಂದು ಸೇರಿಸಬಹುದು: ಬಾಡಿಗೆ ಮನೆ ಹುಡುಕಿ ನೋಡು. ನಾನು ಬಂದ ಮೊದಲ ವರ್ಷ ವೆಸ್ಟ್‌ವುಡ್‌ನ ಲ್ಯಾಂಡ್‌ಫೇರ್ ರಸ್ತೆಯಲ್ಲಿ ದಿನಾ ನಡೆದು ಕ್ಯಾಂಪಸ್ಸಿಗೆ ಹೋಗ್ತಿದ್ದೆ. ಆ ರಸ್ತೆಯಲ್ಲಿ ಒಂದು ಬಿಳೀ ಕಟ್ಟಡ ಇದೆ. ಉದ್ದುದ್ದ ಕಿಟಕಿ ಪಟ್ಟಿ, ಚಪ್ಪಟೆ ತಾರಸಿ, ಅಲಂಕಾರ ಅನ್ನೋದು ಒಂದು ಚೂರೂ ಇಲ್ಲ. ನಮ್ಮೂರಿನ ಯಾವುದೋ ಹಳೇ ಸರ್ಕಾರಿ ಕ್ವಾರ್ಟರ್ಸ್ ಥರ ಕಾಣ್ತದೆ ಅಂದ್ಕೊಂಡು ಸುಮ್ಮನೆ ದಾಟಿ ಹೋಗ್ತಿದ್ದೆ. ಅದು ರಿಚರ್ಡ್ ನೊಯ್ಟ್ರಾ 1937ರಲ್ಲಿ ಕಟ್ಟಿದ ಅಪಾರ್ಟ್‌ಮೆಂಟು, ವಾಸ್ತುಶಿಲ್ಪ ಓದುವವರು ಅದನ್ನ ನೋಡೋಕೆ ಅಂತಲೇ ಬರ್ತಾರೆ ಅನ್ನೋದು ಗೊತ್ತಾದದ್ದು ಎರಡನೇ ವರ್ಷ, ಲೈಬ್ರರಿಯಲ್ಲಿ ಕೈಗೆ ಸಿಕ್ಕ ಒಂದು ಹಳೇ ಪುಸ್ತಕದಿಂದ. ಆ ಪುಸ್ತಕ ಬರೆದವರೇ ಎಸ್ತರ್ ಮೆಕಾಯ್.

ಈ ಊರಿನ ಮನೆಗಳಿಗೂ ಒಂದು ಚರಿತ್ರೆ ಇದೆ ಅಂತ ಪುಸ್ತಕ ಬರೆದು ತೋರಿಸಿಕೊಟ್ಟವರಲ್ಲಿ ಮೊದಲಿಗರು ಈಕೆ. ಇಂದು ಜಗತ್ತಿನ ಯಾವ ವಾಸ್ತುಶಿಲ್ಪ ಶಾಲೆಯಲ್ಲಿ ಕ್ಯಾಲಿಫೋರ್ನಿಯಾದ ಬಗ್ಗೆ ಪಾಠ ಮಾಡಿದರೂ ಇವರ ಪುಸ್ತಕಗಳನ್ನು ದಾಟಿಕೊಂಡು ಹೋಗುವ ಹಾಗಿಲ್ಲ. ಆದರೆ ಇವರು ವಾಸ್ತುಶಿಲ್ಪ ಓದಿದವರಲ್ಲ, ಕಲಾಚರಿತ್ರೆಯಲ್ಲಿ ಡಾಕ್ಟರೇಟ್ ಮಾಡಿದವರೂ ಅಲ್ಲ. ಓದಬೇಕು ಅಂತ ಹೋದಾಗ ಬಾಗಿಲು ತೆರೆಯಲಿಲ್ಲ. ಪಾಠ ಮಾಡೋಕೆ ಕರೆದಾಗ ಅವರಿಗೆ ಅರವತ್ತು ದಾಟಿತ್ತು.

ಎಸ್ತರ್ ಹುಟ್ಟಿದ್ದು 1904ರ ನವೆಂಬರ್‌ನಲ್ಲಿ, ಅರ್ಕನ್ಸಾ ರಾಜ್ಯದ ಹೊರೇಷಿಯೊ ಅನ್ನೋ ಸಣ್ಣ ಊರಿನಲ್ಲಿ. ಬೆಳೆದದ್ದು ಕ್ಯಾನ್ಸಸ್‌ನಲ್ಲಿ. ಒಂದೇ ಕಾಲೇಜಿನಲ್ಲಿ ನಿಂತು ಓದಿದ ಹುಡುಗಿ ಅಲ್ಲ. ಒಂದಾದ ಮೇಲೊಂದರಂತೆ ನಾಲ್ಕಾರು ಕಾಲೇಜು ಸುತ್ತಿ ಕೊನೆಗೆ ಮಿಶಿಗನ್ ವಿಶ್ವವಿದ್ಯಾಲಯಕ್ಕೆ ಬಂದರು, 1925ರಲ್ಲಿ ಅದನ್ನೂ ಬಿಟ್ಟರು. ತಲೆಯಲ್ಲಿ ಇದ್ದದ್ದು ಒಂದೇ, ಬರಹಗಾರ್ತಿ ಆಗಬೇಕು. ಆ ಕಾಲದ ದೊಡ್ಡ ಕಾದಂಬರಿಕಾರ ಥಿಯೊಡೋರ್ ಡ್ರೈಸರ್ ಜೊತೆ ಕಾಲೇಜು ದಿನಗಳಲ್ಲೇ ಪತ್ರದ ಪರಿಚಯ ಆಗಿತ್ತು. ನ್ಯೂಯಾರ್ಕಿಗೆ ಹೋಗಿ ಅವರಿಗೇ ಸಂಶೋಧನೆಯ ಕೆಲಸ ಮಾಡಿಕೊಡೋಕೆ ಶುರು ಮಾಡಿದರು. ಡ್ರೈಸರ್ ವಾಸ್ತವವಾದಿ. ಅವರ ಕಾದಂಬರಿಗೆ ಕೋರ್ಟಿನ ಕಾಗದ, ಪತ್ರಿಕೆಯ ಕತ್ತರಿಕೆ, ಕಾರ್ಖಾನೆಯ ವಿವರ ಎಲ್ಲಾ ಬೇಕಾಗ್ತಿತ್ತು. ಕಡತ ತೆಗೆದು ಓದೋದು, ಸಂಬಂಧಪಟ್ಟವರನ್ನ ಹುಡುಕಿ ಮಾತಾಡಿಸೋದು, ಸಿಕ್ಕಿದ್ದನ್ನ ಟಿಪ್ಪಣಿ ಮಾಡೋದು. ಎಸ್ತರ್ ಪಾಲಿಗೆ ಪಿಎಚ್.ಡಿ. ಅಂದರೆ ಇದೇ ಅಂತ ನನಗನಿಸ್ತದೆ.

1932ರಲ್ಲಿ ನ್ಯುಮೋನಿಯ ಬಂದು ಶ್ವಾಸಕೋಶ ಎರಡೂ ಕೆಟ್ಟವು. ಬಿಸಿಲಿರುವ ಕಡೆ ಹೋಗಿ ಸುಧಾರಿಸಿಕೊಳ್ಳೋಣ ಅಂತ ಲಾಸ್ ಏಂಜಲೀಸಿಗೆ ಬಂದರು. ಬಂದವರು ಇಲ್ಲೇ ಉಳಿದರು. ಸ್ಯಾಂಟಾ ಮೋನಿಕಾದ ಓಷನ್ ಪಾರ್ಕ್‌ನಲ್ಲಿ ಒಂದು ಹಳೇ ಬಂಗಲೆ ಕೊಂಡು ಬದುಕಿನ ಕೊನೇವರೆಗೂ ಅದರಲ್ಲೇ ಇದ್ದರು. ಬಂಗಲೆ ಅಂದ ತಕ್ಷಣ ನಮ್ಮ ಬೆಂಗಳೂರು ದಂಡಿನ ಮಂಕಿ ಟಾಪ್ ಬಂಗಲೆ ನೆನಪು ಮಾಡ್ಕೋಬೇಡಿ. ಇಲ್ಲಿ ಬಂಗಲೆ ಅಂದರೆ ಬಡವರು, ಕೆಳ ಮಧ್ಯಮದವರು ಕಟ್ಟಿಕೊಳ್ತಿದ್ದ ಸಣ್ಣ ಮರದ ಮನೆ.

ಅದು ಆರ್ಥಿಕ ಕುಸಿತದ ಕಾಲ. ಎಸ್ತರ್ ಎಡಪಂಥದ ಗೆಳೆಯರ ನಡುವೆ ಇದ್ದವರು. ಲಾಸ್ ಏಂಜಲೀಸಿನ ಕೊಳೆಗೇರಿಗಳ ಬಗ್ಗೆ, ಬಡವರಿಗೆ ಕಡಿಮೆ ಖರ್ಚಿನಲ್ಲಿ ಮನೆ ಕಟ್ಟಿಕೊಡುವ ಬಗ್ಗೆ ಬರೆದರು. ಹೊಟ್ಟೆಪಾಡಿಗೆ ಗೆಳೆಯನೊಬ್ಬನ ಜೊತೆ ಸೇರಿ ಬೇರೆ ಹೆಸರಿನಲ್ಲಿ ಪತ್ತೇದಾರಿ ಕಾದಂಬರಿಯನ್ನೂ ಬರೆದದ್ದುಂಟು. ಮನೆ ಅನ್ನೋ ವಿಷಯ ಅವರ ತಲೆಗೆ ಹೊಕ್ಕಿದ್ದು ಹೀಗೆ, ಕಲೆಯ ಕಡೆಯಿಂದ ಅಲ್ಲ, ಸೂರಿಲ್ಲದವರ ಕಡೆಯಿಂದ. ಇದನ್ನ ನೆನಪಿಟ್ಟುಕೊಂಡರೆ ಮುಂದೆ ಅವರು ಯಾರನ್ನ ಮೆಚ್ಚಿದರು, ಯಾಕೆ ಮೆಚ್ಚಿದರು ಅನ್ನೋದು ಅರ್ಥ ಆಗ್ತದೆ.

1941ರಲ್ಲಿ ಬರ್ಕ್ಲಿ ಟೋಬಿ ಅವರನ್ನು ಮದುವೆ ಆದರು. ಅದೇ ವರ್ಷದ ಕೊನೆಗೆ ಅಮೆರಿಕ ಯುದ್ಧಕ್ಕೆ ಇಳಿಯಿತು. ಗಂಡಸರೆಲ್ಲ ಸೈನ್ಯಕ್ಕೆ ಹೋದಾಗ ಹೆಂಗಸರಿಗೆ ಕಾರ್ಖಾನೆಗಳ ಬಾಗಿಲು ತೆರೆಯಿತು. ಸ್ಯಾಂಟಾ ಮೋನಿಕಾದಲ್ಲಿ ಡಗ್ಲಸ್ ವಿಮಾನ ಕಾರ್ಖಾನೆ ಇತ್ತು. ಎಸ್ತರ್ ಅಲ್ಲಿ ನಕ್ಷೆ ಬರೆಯುವ ಕೆಲಸಕ್ಕೆ ಸೇರಿದರು. ಟಿ-ಸ್ಕ್ವೇರ್, ಸೆಟ್-ಸ್ಕ್ವೇರ್ ಹಿಡಿದು ವಿಮಾನದ ಭಾಗಗಳ ಡ್ರಾಯಿಂಗ್ ಮಾಡೋದು. ಕೈ ಕುದುರಿತು. ಇದನ್ನೇ ಮನೆ ಕಟ್ಟೋಕೆ ಯಾಕೆ ಬಳಸಬಾರದು ಅನ್ನಿಸಿತು. ಯುಎಸ್‌ಸಿಯ ವಾಸ್ತುಶಿಲ್ಪ ಶಾಲೆಯಲ್ಲಿ ಸೀಟು ಕೇಳೋಣ ಅಂತ ಹೊರಟರು. ವಯಸ್ಸು ನಲವತ್ತರ ಹತ್ತಿರ, ಮೇಲಾಗಿ ಹೆಂಗಸು, ಇದೆಲ್ಲ ಆಗೋ ಮಾತಲ್ಲ ಅಂತ ನಿರುತ್ಸಾಹ ಮಾಡಿ ಕಳಿಸಿದರು. ಆ ಕಾಲದಲ್ಲಿ ಇದು ಹೊಸ ಸಂಗತಿ ಏನಲ್ಲ. ಹೊಸದು ಏನೆಂದರೆ ಎಸ್ತರ್ ಮುಂದೆ ಮಾಡಿದ್ದು.

1944ರಲ್ಲಿ ಅವರಿಗೆ ಒಂದು ಸುದ್ದಿ ಸಿಕ್ಕಿತು. ರುಡಾಲ್ಫ್ ಶಿಂಡ್ಲರ್ ಅನ್ನೋ ವಾಸ್ತುಶಿಲ್ಪಿಯ ಆಫೀಸಿನಲ್ಲಿ ನಕ್ಷೆ ಬರೆಯೋರು ಯಾರೂ ಇಲ್ಲ, ಇದ್ದವರು ಯುದ್ಧಕ್ಕೆ ಹೋಗಿದ್ದಾರೆ. ತಮ್ಮ ಡ್ರಾಯಿಂಗುಗಳನ್ನು ಸುತ್ತಿ ಕಂಕುಳಲ್ಲಿ ಇಟ್ಕೊಂಡು ಕಿಂಗ್ಸ್ ರೋಡಿಗೆ ಹೋದರು. ಕೆಲಸ ಸಿಕ್ಕಿತು.

ಈ ಕಿಂಗ್ಸ್ ರೋಡಿನ ಮನೆಯ ವಿಷಯ ಸ್ವಲ್ಪ ಹೇಳಲೇಬೇಕು. ಈಗಿನ ವೆಸ್ಟ್ ಹಾಲಿವುಡ್‌ನಲ್ಲಿದೆ, ಟಿಕೆಟ್ ತಗೊಂಡು ಒಳಗೆ ಹೋಗಿ ನೋಡಬಹುದು. ಶಿಂಡ್ಲರ್ ವಿಯೆನ್ನಾದಲ್ಲಿ ಓದಿ 1914ರಲ್ಲಿ ಅಮೆರಿಕಕ್ಕೆ ಬಂದವನು. ಫ್ರ್ಯಾಂಕ್ ಲಾಯ್ಡ್ ರೈಟ್ ಕೈಕೆಳಗೆ ಕೆಲಸ ಮಾಡುತ್ತಾ 1920ರಲ್ಲಿ ಲಾಸ್ ಏಂಜಲೀಸಿಗೆ ಬಂದ. 1922ರಲ್ಲಿ ತನಗೂ ತನ್ನ ಹೆಂಡತಿ ಪಾಲೀನ್‌ಗೂ, ಜೊತೆಗೆ ಕ್ಲೈಡ್ ಚೇಸ್ ದಂಪತಿಗೂ ಸೇರಿ ಈ ಮನೆ ಕಟ್ಟಿದ. ನಾಲ್ಕು ಜನಕ್ಕೆ ನಾಲ್ಕು ಕೋಣೆ, ಗಂಡನಿಗೊಂದು ಹೆಂಡತಿಗೊಂದು, ಕೆಲಸ ಮಾಡೋಕೆ. ಅಡಿಗೆಮನೆ ಎರಡೂ ಸಂಸಾರಕ್ಕೆ ಸೇರಿ ಒಂದೇ. ಮಲಗೋ ಕೋಣೆ ಅಂತ ಇಲ್ಲವೇ ಇಲ್ಲ. ತಾರಸಿ ಮೇಲೆ ಮರದ ಚೌಕಟ್ಟು ಕಟ್ಟಿ ಅಲ್ಲಿ ಮಲಗೋದು. ಬಳ್ಳಾರಿ, ರಾಯಚೂರು ಕಡೆ ಬೇಸಿಗೇಲಿ ಮಾಳಿಗೆ ಮೇಲೆ ಮಲಗಿ ಅಭ್ಯಾಸ ಇರೋರಿಗೆ ಇದರಲ್ಲಿ ಆಶ್ಚರ್ಯ ಏನೂ ಕಾಣಲ್ಲ. ಆದರೆ ಅಮೆರಿಕದವರಿಗೆ ಇದು ತೀರಾ ವಿಚಿತ್ರ. ಗೋಡೆಗಳು ಕಾಂಕ್ರೀಟಿನ ಹಲಗೆಗಳು. ನೆಲದ ಮೇಲೆ ಮಲಗಿಸಿದ ಅಚ್ಚಿನಲ್ಲಿ ಎರಕ ಹೊಯ್ದು, ಗಟ್ಟಿಯಾದ ಮೇಲೆ ಎತ್ತಿ ನಿಲ್ಲಿಸಿದ್ದು. ಎರಡು ಹಲಗೆಗಳ ಮಧ್ಯೆ ಕಿರಿದಾದ ಗಾಜು. ಒಳಗೆ ನಿಂತರೆ ಬೆಳಕು ಗೆರೆ ಗೆರೆಯಾಗಿ ಬೀಳ್ತದೆ.

ಎಸ್ತರ್ ಈ ಮನೆಯೊಳಗಿನ ಆಫೀಸಿನಲ್ಲಿ ಸುಮಾರು ಮೂರು ವರ್ಷ ಕೂತು ನಕ್ಷೆ ಬರೆದರು. ಶಿಂಡ್ಲರ್ ಆಗ ಐವತ್ತೇಳು ದಾಟಿದವನು. ಹೆಸರಿಲ್ಲ. ನ್ಯೂಯಾರ್ಕಿನ ಆಧುನಿಕ ಕಲೆಯ ಮ್ಯೂಸಿಯಂ 1932ರಲ್ಲಿ ಹೊಸ ವಾಸ್ತುಶಿಲ್ಪದ ದೊಡ್ಡ ಪ್ರದರ್ಶನ ಮಾಡಿದಾಗ ನೊಯ್ಟ್ರಾನನ್ನು ಸೇರಿಸಿ ಇವನನ್ನು ಬಿಟ್ಟಿತ್ತು. ಪಂಡಿತರು ಎರಡು ಸಾವಿರ ಮೈಲಿ ದೂರದಲ್ಲಿ ಕೂತು ಫೋಟೋ ನೋಡಿ ತೀರ್ಮಾನ ಮಾಡಿದ್ದರು. ಎಸ್ತರ್ ಮಾತ್ರ ಅವನ ಪೆನ್ಸಿಲ್ಲಿನ ಪಕ್ಕದಲ್ಲಿ ಕೂತು ನೋಡಿದರು. ಒಂದು ಗೋಡೆ ಎಲ್ಲಿ ತಿರುಗಬೇಕು, ಸೂರು ಎಷ್ಟು ತಗ್ಗಬೇಕು, ಹಣ ಸಾಲದ ಗಿರಾಕಿಗೆ ಎಲ್ಲಿ ಉಳಿಸಿ ಕೊಡಬೇಕು, ಇವೆಲ್ಲ ಕಾಗದದ ಮೇಲೆ ಹುಟ್ಟೋದನ್ನ ಕಂಡರು. 1945ರಲ್ಲಿ ಡೈರೆಕ್ಷನ್ ಅನ್ನೋ ಸಣ್ಣ ಪತ್ರಿಕೆಗೆ ಶಿಂಡ್ಲರ್ ಬಗ್ಗೆ ಒಂದು ಲೇಖನ ಬರೆದರು. ವಾಸ್ತುಶಿಲ್ಪದ ಬಗ್ಗೆ ಅದೇ ಅವರ ಮೊದಲ ಬರಹ. ಅದೇ ವರ್ಷದ ಡಿಸೆಂಬರ್‌ನಲ್ಲಿ ಹಾಲಿವುಡ್‌ನಲ್ಲಿ ಡ್ರೈಸರ್ ತೀರಿಕೊಂಡರು. ಒಂದು ಋಣ ಮುಗಿದು ಇನ್ನೊಂದು ಶುರುವಾಯ್ತು ಅನ್ನಬಹುದೇನೋ.

ಕಥೆ ಬರೆಯೋದನ್ನ ಅವರು ಬಿಡಲಿಲ್ಲ. 1948ರಲ್ಲಿ ನ್ಯೂಯಾರ್ಕರ್ ಪತ್ರಿಕೆಯಲ್ಲಿ ಒಂದು ಕಥೆ ಬಂತು, ವಾಸ್ತುಶಿಲ್ಪಿ ಕಟ್ಟಿದ ಮನೆ ಮತ್ತು ಅದರಲ್ಲಿ ಇರಬೇಕಾದವರ ಪಾಡಿನ ಕಥೆ. ಆದರೆ ನಿಧಾನವಾಗಿ ಪತ್ರಿಕೆಗಳು ಅವರನ್ನ ಕೇಳ್ತಾ ಇದ್ದದ್ದು ಮನೆಗಳ ಬಗ್ಗೆ. ಜಾನ್ ಎಂಟೆಂಜಾ ನಡೆಸುತ್ತಿದ್ದ ಆರ್ಟ್ಸ್ ಅಂಡ್ ಆರ್ಕಿಟೆಕ್ಚರ್ ಅನ್ನೋ ಪತ್ರಿಕೆಗೆ ಬರೆದರು, ಲಾಸ್ ಏಂಜಲೀಸ್ ಟೈಮ್ಸ್‌ಗೆ ಬರೆದರು, ಮುಂದೆ ಇಟಲಿಯ ಪತ್ರಿಕೆಗಳಿಗೂ ಬರೆದರು. 1951ರಲ್ಲಿ ಮೆಕ್ಸಿಕೊಕ್ಕೆ ಹೋಗಿ ಅಲ್ಲಿನ ಹೊಸ ಕಟ್ಟಡಗಳನ್ನು ಅಮೆರಿಕದ ಓದುಗರಿಗೆ ಪರಿಚಯಿಸಿದ ಮೊದಲಿಗರಲ್ಲಿ ಅವರೂ ಒಬ್ಬರು. ಎಂಟೆಂಜಾನ ಪತ್ರಿಕೆ 1945ರ ಜನವರಿಯಲ್ಲಿ ಕೇಸ್ ಸ್ಟಡಿ ಹೌಸ್ ಅಂತ ಒಂದು ಯೋಜನೆ ಶುರು ಮಾಡಿತ್ತು. ಯುದ್ಧ ಮುಗಿಸಿ ಬರುವ ಸಾಮಾನ್ಯ ಸಂಸಾರಗಳಿಗೆ ಕಡಿಮೆ ಖರ್ಚಿನ, ಕಾರ್ಖಾನೆಯ ಉಕ್ಕು ಗಾಜು ಬಳಸಿದ ಮಾದರಿ ಮನೆಗಳನ್ನ ಕಟ್ಟಿ ಜನಕ್ಕೆ ತೋರಿಸೋದು. ಇದರ ಎಂಟನೇ ಮನೆ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಯದು, 1949ರಲ್ಲಿ ಆದದ್ದು. ಮುಂದೆ 1958ರಲ್ಲಿ ಭಾರತ ಸರ್ಕಾರ ಕರೆಸಿ ವರದಿ ಬರೆಸಿಕೊಂಡದ್ದು, ಆ ವರದಿಯಲ್ಲಿ ನಮ್ಮ ಚೊಂಬನ್ನು ಹಾಡಿ ಹೊಗಳಿದ್ದು ಇದೇ ಈಮ್ಸ್ ದಂಪತಿ. ಈ ಯೋಜನೆಯ ಮನೆಗಳೆಲ್ಲದರ ಚರಿತ್ರೆಯನ್ನ ಎಸ್ತರ್ 1962ರಲ್ಲಿ ಪುಸ್ತಕ ಮಾಡಿದರು. ಅದು ಇಲ್ಲದಿದ್ದರೆ ಇವತ್ತು ಎಲ್ಲರ ಫೋನಿನ ವಾಲ್‌ಪೇಪರ್ ಆಗಿರೋ ಆ ಬೆಟ್ಟದಂಚಿನ ಗಾಜಿನ ಮನೆ ಕೂಡ ಬರೀ ಚೆಂದದ ಫೋಟೋ ಆಗಿ ಉಳಿದುಬಿಡ್ತಿತ್ತು.

ಈಗ ಸ್ಯಾನ್ ಡಿಯಾಗೊ ಕಡೆ ಬರೋಣ. ನನ್ನ ಮಟ್ಟಿಗೆ ಎಸ್ತರ್ ಅವರ ಕೆಲಸದಲ್ಲೇ ದೊಡ್ಡದು ಇಲ್ಲಿಯದು.

ಅರ್ವಿಂಗ್ ಗಿಲ್ ಅಂತ ಒಬ್ಬ ಇದ್ದ. 1870ರಲ್ಲಿ ನ್ಯೂಯಾರ್ಕ್ ರಾಜ್ಯದ ಹಳ್ಳಿಯೊಂದರಲ್ಲಿ ಹುಟ್ಟಿದವನು. ಇವನಿಗೂ ಕಾಲೇಜಿಲ್ಲ. ಚಿಕಾಗೊದಲ್ಲಿ ಲೂಯಿ ಸಲಿವನ್ ಆಫೀಸಿನಲ್ಲಿ ಕೆಲಸ ಕಲಿತ. ಸ್ವಾಮಿ ವಿವೇಕಾನಂದರು ಚಿಕಾಗೊದಲ್ಲಿ ಮಾತಾಡಿದ 1893ರ ವಿಶ್ವಮೇಳ ಇದೆಯಲ್ಲ, ಆ ಮೇಳಕ್ಕೆ ಸಲಿವನ್ ಆಫೀಸು ಕಟ್ಟಡ ಮಾಡುತ್ತಿದ್ದ ಕಾಲ ಅದು. ಅದೇ ವರ್ಷ ಆರೋಗ್ಯ ಕೆಟ್ಟು ಗಿಲ್ ಸ್ಯಾನ್ ಡಿಯಾಗೊಗೆ ಬಂದ. ಎಸ್ತರ್ ಹಾಗೇ, ಮೈ ಸರಿ ಮಾಡಿಕೊಳ್ಳೋಕೆ ಬಂದು ಇಲ್ಲೇ ಉಳಿದ. ಮೊದಮೊದಲು ಎಲ್ಲರ ಹಾಗೆ ಕಟ್ಟಿದ. 1905ರ ಮಾರ್ಸ್ಟನ್ ಹೌಸ್ ಬಲ್ಬೋವಾ ಪಾರ್ಕ್ ಮೂಲೆಯಲ್ಲಿ ಇನ್ನೂ ಇದೆ. ಆಮೇಲೆ ಒಂದೊಂದೇ ಕಳಚುತ್ತಾ ಬಂದ. ಮೊದಲು ಕೆತ್ತನೆ ಹೋಯಿತು, ಬಾಗಿಲ ಸುತ್ತಿನ ಪಟ್ಟಿ ಹೋಯಿತು, ಸೂರಿನ ಅಂಚೂ ಹೋಯಿತು. ಕೊನೆಗೆ ಉಳಿದದ್ದು ಬಿಳೀ ಗೋಡೆ, ಕಮಾನು, ಅದರ ಮೇಲೆ ಬೀಳೋ ಗಿಡದ ನೆರಳು.

ಇದು ಬರೀ ಚೆಂದಕ್ಕೆ ಮಾಡಿದ್ದಲ್ಲ. ಮನೆಗೆಲಸ ಮಾಡೋಳ ಕಷ್ಟ ಕಡಿಮೆ ಆಗಬೇಕು ಅನ್ನೋದು ಗಿಲ್‌ನ ಲೆಕ್ಕಾಚಾರ. ಪಟ್ಟಿ ಇಲ್ಲದಿದ್ದರೆ ಧೂಳು ಕೂರಲ್ಲ. ಗೋಡೆ ನೆಲಕ್ಕೆ ಸೇರೋ ಮೂಲೆಯನ್ನ ದುಂಡಗೆ ಮಾಡಿದರೆ ಕಸ ನಿಲ್ಲಲ್ಲ. ನೆಲಕ್ಕೆ ಮ್ಯಾಗ್ನಸೈಟ್ ಅನ್ನೋ ಗಾರೆ ಹಾಕಿ ನಯ ಮಾಡ್ತಿದ್ದ, ಸಂದು ಇಲ್ಲದ ನೆಲ. ನಮ್ಮ ಅಜ್ಜಿಮನೆಗಳ ರೆಡ್ ಆಕ್ಸೈಡ್ ನೆಲ ನೆನಪು ಮಾಡಿಕೊಳ್ಳಿ, ಅದರ ಮೂಲೆಗಳೂ ಹೀಗೇ ದುಂಡಗಿರ್ತವೆ. ನಡುವೆ ಅಂಗಳ ಬಿಟ್ಟು ಸುತ್ತ ಮನೆ ಕಟ್ಟೋ ಪದ್ಧತಿಯೂ ಅವನಿಗೆ ಇಷ್ಟ. ತೊಟ್ಟಿಮನೆಯಲ್ಲಿ ಬೆಳೆದವರು ಗಿಲ್‌ನ ನಕ್ಷೆ ನೋಡಿದರೆ ದಾರಿ ಕೇಳೋದು ಬೇಡ.

ಲಾ ಹೋಯಾದಲ್ಲಿ ಅವನಿಗೆ ಒಬ್ಬ ದೊಡ್ಡ ಆಶ್ರಯದಾತೆ ಸಿಕ್ಕಿದಳು, ಎಲೆನ್ ಬ್ರೌನಿಂಗ್ ಸ್ಕ್ರಿಪ್ಸ್. ಸಮುದ್ರವಿಜ್ಞಾನದ ಸ್ಕ್ರಿಪ್ಸ್ ಸಂಸ್ಥೆಯ ಹೆಸರು ನಮ್ಮ ಯುಸಿಎಸ್‌ಡಿ ಗೆಳೆಯರಿಗೆ ಗೊತ್ತೇ ಇದೆ. ಪತ್ರಿಕೆಗಳಿಂದ ಬಂದ ಹಣವನ್ನೆಲ್ಲ ಊರಿಗೆ ಕೊಟ್ಟ ಅವಿವಾಹಿತ ಹೆಣ್ಣುಮಗಳು ಈಕೆ. 1914ರಲ್ಲಿ ಮುಗಿದ ಲಾ ಹೋಯಾ ಮಹಿಳಾ ಕ್ಲಬ್ಬಿಗೆ ದುಡ್ಡು ಕೊಟ್ಟದ್ದು ಇವಳು. ಅದರ ಗೋಡೆಗಳನ್ನು ಗಿಲ್ ನೆಲದ ಮೇಲೇ ಅಡ್ಡಡ್ಡವಾಗಿ ಎರಕ ಹೊಯ್ದು, ಕಿಟಕಿ ಬಾಗಿಲ ಚೌಕಟ್ಟೂ ಅದರೊಳಗೇ ಕೂರಿಸಿ, ಯಂತ್ರ ಹಚ್ಚಿ ಇಡೀ ಗೋಡೆಯನ್ನ ಎತ್ತಿ ನಿಲ್ಲಿಸಿದ. ಕಿಂಗ್ಸ್ ರೋಡಿನಲ್ಲಿ ಶಿಂಡ್ಲರ್ ಮಾಡಿದ್ದೂ ಇದನ್ನೇ. ಅವನ ಜೊತೆಗಾರ ಕ್ಲೈಡ್ ಚೇಸ್ ಮೊದಲು ಗಿಲ್ ಹತ್ತಿರ ಕೆಲಸ ಮಾಡಿದವನು. ಎಳೆ ಎಲ್ಲಿಂದ ಎಲ್ಲಿಗೆ ಹೋಗ್ತದೆ ನೋಡಿ. ಸ್ಕ್ರಿಪ್ಸ್ ಅವರ ಮರದ ಮನೆ 1915ರಲ್ಲಿ ಸುಟ್ಟುಹೋದಾಗ ಗಿಲ್ ಅವರಿಗೆ ಬೆಂಕಿಗೆ ಹೆದರದ ಕಾಂಕ್ರೀಟ್ ಮನೆ ಕಟ್ಟಿಕೊಟ್ಟ. ಈಗಿನ ಸ್ಯಾನ್ ಡಿಯಾಗೊ ಸಮಕಾಲೀನ ಕಲೆಯ ಮ್ಯೂಸಿಯಂ ಇರೋದು ಅದರಲ್ಲೇ.

ಆದರೆ ಸ್ಯಾನ್ ಡಿಯಾಗೊ ಊರು ಅವನ ಕೈ ಬಿಟ್ಟಿತು. ಪನಾಮಾ ಕಾಲುವೆ ತೆರೆದ ಸಂಭ್ರಮಕ್ಕೆ 1915ರಲ್ಲಿ ಬಲ್ಬೋವಾ ಪಾರ್ಕಿನಲ್ಲಿ ದೊಡ್ಡ ವಸ್ತುಪ್ರದರ್ಶನ ನಡೆಯಿತು. ಊರಿನ ವಾಸ್ತುಶಿಲ್ಪಿ ಗಿಲ್‌ಗೆ ಸಿಗಬೇಕಾದ ಕೆಲಸ ಪೂರ್ವದಿಂದ ಬಂದ ಬರ್ಟ್ರಂ ಗುಡ್‌ಹ್ಯೂ ಅವರಿಗೆ ಹೋಯಿತು. ಹಿತ್ತಲ ಗಿಡ ಮದ್ದಲ್ಲ ಅನ್ನೋದು ಎಲ್ಲಾ ದೇಶಕ್ಕೂ ಒಂದೇ. ಗುಡ್‌ಹ್ಯೂ ಸ್ಪೇನಿನ ಚರ್ಚುಗಳ ಹಾಗೆ ಕೆತ್ತನೆ ತುಂಬಿದ ಗೋಪುರಗಳನ್ನ ಕಟ್ಟಿದರು. ಇವತ್ತು ನಾವೆಲ್ಲ ಊರಿಂದ ಅಪ್ಪ ಅಮ್ಮ ಬಂದಾಗ ಕರ್ಕೊಂಡು ಹೋಗಿ ಫೋಟೋ ತೆಗೆಯೋದು ಅದರ ಮುಂದೆಯೇ. ಚೆನ್ನಾಗಿಲ್ಲ ಅಂತ ಹೇಳ್ತಿಲ್ಲ. ಆದರೆ ಆಮೇಲೆ ದಕ್ಷಿಣ ಕ್ಯಾಲಿಫೋರ್ನಿಯಾ ತುಂಬ ಸ್ಪ್ಯಾನಿಷ್ ಹುಚ್ಚು ಹಿಡಿದು ಗಿಲ್‌ನ ಬೋಳು ಗೋಡೆ ಯಾರಿಗೂ ಬೇಡವಾಯಿತು. ಕೊನೆಗಾಲದಲ್ಲಿ ಬರೋನಾ ಮೂಲನಿವಾಸಿಗಳ ವಸತಿಗೆ ಸಣ್ಣ ಮನೆಗಳನ್ನ ಮಾಡಿಕೊಟ್ಟ. 1936ರಲ್ಲಿ ಕಾರ್ಲ್ಸ್‌ಬಾಡ್‌ನಲ್ಲಿ ತೀರಿಕೊಂಡಾಗ ಕೈಯಲ್ಲಿ ಕೆಲಸವೂ ಇರಲಿಲ್ಲ, ದುಡ್ಡೂ ಇರಲಿಲ್ಲ.

ಇಪ್ಪತ್ತು ವರ್ಷ ಅವನ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಎಸ್ತರ್ ಅದನ್ನ ಮತ್ತೆ ಎತ್ತಿದರು. ಡ್ರೈಸರ್ ಹತ್ತಿರ ಕಲಿತ ವಿದ್ಯೆ, ಹುಡುಕೋದು, ಓದೋದು, ಬದುಕಿರೋರನ್ನ ಮಾತಾಡಿಸೋದು, ಇಲ್ಲಿ ಕೆಲಸಕ್ಕೆ ಬಂತು. ಡಗ್ಲಸ್‌ನಲ್ಲೂ ಶಿಂಡ್ಲರ್ ಹತ್ತಿರವೂ ಕಲಿತದ್ದರಿಂದ ನಕ್ಷೆ ನೋಡಿದರೆ ಗೋಡೆ ಹೇಗೆ ಎದ್ದಿತು ಅನ್ನೋದು ಅವರಿಗೆ ಕಾಣ್ತಿತ್ತು. 1958ರಲ್ಲಿ ಲಾಸ್ ಏಂಜಲೀಸ್ ಕೌಂಟಿ ಮ್ಯೂಸಿಯಂನಲ್ಲಿ ಗಿಲ್ ಕಟ್ಟಡಗಳ ಪ್ರದರ್ಶನ ಏರ್ಪಟ್ಟಿತು, ಅದರ ಪುಸ್ತಿಕೆ ಎಸ್ತರ್ ಅವರದು. 1960ರಲ್ಲಿ ಐವರು ಕ್ಯಾಲಿಫೋರ್ನಿಯಾ ವಾಸ್ತುಶಿಲ್ಪಿಗಳ ಬಗ್ಗೆ ಅವರ ಹೆಸರಾಂತ ಪುಸ್ತಕ ಬಂತು. ಬರ್ನಾರ್ಡ್ ಮೇಬೆಕ್, ಗಿಲ್, ಗ್ರೀನ್ ಸೋದರರು ಇಬ್ಬರು, ಶಿಂಡ್ಲರ್. ಗ್ರೀನ್ ಸೋದರರ ಅಧ್ಯಾಯವನ್ನು ರ‍್ಯಾಂಡೆಲ್ ಮಕಿನ್ಸನ್ ಬರೆದರು. ಅದೇ ವರ್ಷ ನೊಯ್ಟ್ರಾ ಬಗ್ಗೆಯೂ ಒಂದು ಪುಸ್ತಕ ಬಂತು. ಆಧುನಿಕ ವಾಸ್ತುಶಿಲ್ಪ ಅನ್ನೋದು ಯುರೋಪಿನಿಂದ ಹಡಗಿನಲ್ಲಿ ನ್ಯೂಯಾರ್ಕಿಗೆ ಇಳಿದು ಅಲ್ಲಿಂದ ರೈಲು ಹತ್ತಿ ಪಶ್ಚಿಮಕ್ಕೆ ಬಂತು ಅಂತ ನಂಬಿದ್ದವರಿಗೆ ಈ ಪುಸ್ತಕ ಸರಿಯಾದ ಉತ್ತರ ಕೊಟ್ಟಿತು.

ಅವರ ಬರವಣಿಗೆ ಹೇಗಿದೆ ಅಂದರೆ, ಪಾರಿಭಾಷಿಕ ಪದಗಳ ಹೊರೆ ಇಲ್ಲ. ಕಟ್ಟಡದ ಬಗ್ಗೆ ಹೇಳ್ತಾ ಹೇಳ್ತಾ ಅದರ ಗಿರಾಕಿ ಯಾರು, ಅವನಿಗೆ ಏನು ಕಾಯಿಲೆ, ದುಡ್ಡು ಎಲ್ಲಿ ಕಮ್ಮಿ ಬಿತ್ತು, ಎಲ್ಲಾ ಬಂದುಬಿಡ್ತದೆ. ಕಥೆಗಾರ್ತಿಯ ಕೈ ಗೊತ್ತಾಗ್ತದೆ. ಕಾಲೇಜು ಓದನ್ನ ಅರ್ಧಕ್ಕೆ ಬಿಟ್ಟು ಊರೂರು ತಿರುಗಿ ಯಕ್ಷಗಾನದ ಚರಿತ್ರೆ ಬರೆದ ನಮ್ಮ ಶಿವರಾಮ ಕಾರಂತರು, ಮೆಟ್ರಿಕ್ಯುಲೇಷನ್ ಪಾಸಾಗದ ಡಿವಿಜಿ, ಇವರನ್ನ ಓದಿದ ನಮಗೆ ಈ ಥರದ ವಿದ್ವತ್ತು ಹೊಸದಲ್ಲ. ಆದರೂ ಒಂದು ದೂರು ನನ್ನದಿದೆ. ಎಸ್ತರ್ ತಾವು ಮೆಚ್ಚಿದವರ ತಪ್ಪುಗಳನ್ನ ಸ್ವಲ್ಪ ಮೆತ್ತಗೆ ಹೇಳ್ತಾರೆ. ಶಿಂಡ್ಲರ್ ಮನೆಗಳು ಮಳೆಗೆ ಸೋರೋ ವಿಷಯ ಅದರಲ್ಲಿ ಇದ್ದವರನ್ನ ಕೇಳಿದರೆ ಬೇರೆ ಥರ ಹೇಳ್ತಿದ್ದರೇನೋ.

1960ರ ದಶಕದ ಉತ್ತರಾರ್ಧದಲ್ಲಿ ನಮ್ಮ ಯುಸಿಎಲ್‌ಎಯ ಹೊಸ ವಾಸ್ತುಶಿಲ್ಪ ಮತ್ತು ನಗರ ಯೋಜನಾ ಶಾಲೆ ಅವರನ್ನು ಉಪನ್ಯಾಸಕಿಯಾಗಿ ಕರೆಯಿತು. ಇಪ್ಪತ್ತು ವರ್ಷದ ಹಿಂದೆ ವಿದ್ಯಾರ್ಥಿನಿಯಾಗಿ ಬೇಡವಾದವರು ಈಗ ಮೇಡಂ ಆದರು. ಪೂರ್ಣಾವಧಿ ಪ್ರೊಫೆಸರ್‌ಗಿರಿ ಅಲ್ಲ, ಕೆಲವೇ ವರ್ಷ. ಆದರೆ ಆ ವರ್ಷಗಳಲ್ಲಿ ಅವರ ಮನಸ್ಸು ಇದ್ದದ್ದು ತರಗತಿಯ ಹೊರಗಿನ ಒಂದು ಹೋರಾಟದಲ್ಲಿ.

ಕಿಂಗ್ಸ್ ರೋಡಿನಲ್ಲಿ, ಶಿಂಡ್ಲರ್ ಮನೆಗೆ ಕೂಗಳತೆಯಲ್ಲಿ, ರಸ್ತೆಯ ಆ ಕಡೆ ಗಿಲ್ ಕಟ್ಟಿದ ಡಾಡ್ಜ್ ಹೌಸ್ ಇತ್ತು. ಕಾಲು ನೋವಿನ ಔಷಧಿ ಮಾರಿ ಶ್ರೀಮಂತನಾದ ವಾಲ್ಟರ್ ಡಾಡ್ಜ್‌ಗಾಗಿ 1914ರಿಂದ 1916ರವರೆಗೆ ಕಟ್ಟಿದ್ದು. ಗಿಲ್‌ನ ಕೆಲಸಗಳಲ್ಲೆಲ್ಲ ಇದೇ ಶಿಖರ ಅಂತ ಎಸ್ತರ್ ನಂಬಿದ್ದರು. ಮನೆ ಆ ಹೊತ್ತಿಗೆ ಶಾಲಾ ಜಿಲ್ಲೆಯ ಆಸ್ತಿಯಾಗಿತ್ತು. ಜಾಗದ ಬೆಲೆ ಏರಿತ್ತು, ಅಲ್ಲಿ ಅಪಾರ್ಟ್‌ಮೆಂಟ್ ಕಟ್ಟೋಕೆ ಅನುಮತಿಯೂ ಸಿಕ್ಕಿತ್ತು. ಎಸ್ತರ್ ಪತ್ರ ಬರೆದರು, ಸಮಿತಿ ಕೂಡಿಸಿದರು, ಅಧಿಕಾರಿಗಳ ಮುಂದೆ ನಿಂತರು. 1965ರಲ್ಲಿ ಆ ಮನೆಯ ಮೇಲೆ ಒಂದು ಸಾಕ್ಷ್ಯಚಿತ್ರ ಬಂತು, ಅದಕ್ಕೆ ಚಿತ್ರಕಥೆ ಅವರೇ ಬರೆದರು. ಫೋಟೋಗ್ರಾಫರ್ ಮಾರ್ವಿನ್ ರ‍್ಯಾಂಡ್ ಮೂಲೆ ಮೂಲೆ ಬಿಡದೆ ಚಿತ್ರ ತೆಗೆದರು. ಇಷ್ಟೆಲ್ಲ ಆಗಿ ಹಲವು ವರ್ಷ ಎಳೆದಾಡಿ, 1970ರ ಫೆಬ್ರವರಿಯಲ್ಲಿ ಬುಲ್ಡೋಜರ್ ಬಂತು.

ಇದನ್ನ ಓದುವಾಗ ನನಗೆ ನಮ್ಮ ತಾತನ ಊರು ನೆನಪಾಯಿತು. ಮಲೆನಾಡಿನ ನಮ್ಮ ತೊಟ್ಟಿಮನೆ ಪಾಲಾಗಿ, ಕಂಬ, ಬಾಗಿಲುಗಳನ್ನ ಹಳೇ ಮರದ ಸಾಮಾನು ಕೊಳ್ಳೋರು ಲಾರಿಯಲ್ಲಿ ಹೊತ್ತುಕೊಂಡು ಹೋದಾಗ ನಾನು ಹೈಸ್ಕೂಲಿನಲ್ಲಿದ್ದೆ. ಯಾರ ತಪ್ಪೂ ಅಲ್ಲ, ಅಲ್ಲಿ ಇರೋಕೆ ಯಾರೂ ಇರಲಿಲ್ಲ. ಆದರೆ ಅದರ ಒಂದು ನಕ್ಷೆ ಇಲ್ಲ. ಮದುವೆ ಫೋಟೋಗಳ ಹಿಂದೆ ಕಾಣೋ ಜಗಲಿ ಬಿಟ್ಟರೆ ಒಂದು ಚಿತ್ರ ಇಲ್ಲ. ಅಡಿಗೆಮನೆಯಿಂದ ಬಚ್ಚಲಿಗೆ ಎಷ್ಟು ಹೆಜ್ಜೆ ಅಂತ ಕೇಳಿದರೆ ನಮ್ಮ ದೊಡ್ಡಮ್ಮನೂ ಚಿಕ್ಕಪ್ಪನೂ ಬೇರೆ ಬೇರೆ ಹೇಳ್ತಾರೆ. ಡಾಡ್ಜ್ ಹೌಸ್ ಹೋಯಿತು, ನಿಜ. ಆದರೆ ಅದರ ಅಳತೆ ಇದೆ, ಫೋಟೋ ಇದೆ, ಸಿನಿಮಾ ಇದೆ.

ಅರವತ್ತೈದು ದಾಟಿದ ಮೇಲೆ ಎಸ್ತರ್ ಶಿಂಡ್ಲರ್ ಮತ್ತು ನೊಯ್ಟ್ರಾ ಪತ್ರಗಳ ಕಡೆ ತಿರುಗಿದರು. ಈ ಇಬ್ಬರ ಕಥೆ ಒಂದು ಸಿನಿಮಾಕ್ಕೆ ಸಾಕು. ಇಬ್ಬರೂ ವಿಯೆನ್ನಾದಲ್ಲಿ ಜೊತೆಯಲ್ಲಿ ಓದಿದವರು. ಶಿಂಡ್ಲರ್ ಮೊದಲು ಬಂದ, ನೊಯ್ಟ್ರಾ 1925ರಲ್ಲಿ ಬಂದು ಕಿಂಗ್ಸ್ ರೋಡಿನ ಅದೇ ಮನೆಯಲ್ಲಿ ಸಂಸಾರ ಹೂಡಿದ. ಡಾಕ್ಟರ್ ಲವೆಲ್ ಅನ್ನೋ ಗಿರಾಕಿಗೆ ಶಿಂಡ್ಲರ್ ನ್ಯೂಪೋರ್ಟ್ ಬೀಚ್‌ನಲ್ಲಿ 1926ರಲ್ಲಿ ಮನೆ ಕಟ್ಟಿದ. ಅದೇ ಲವೆಲ್‌ನ ಮುಂದಿನ ಮನೆ, 1929ರಲ್ಲಿ ಮುಗಿದದ್ದು, ನೊಯ್ಟ್ರಾ ಕೈಗೆ ಹೋಯಿತು. ಆ ಮನೆಯಿಂದ ನೊಯ್ಟ್ರಾ ಜಗತ್ಪ್ರಸಿದ್ಧನಾದ. ಗೆಳೆತನ ಮುರಿಯಿತು. 1953ರಲ್ಲಿ ಶಿಂಡ್ಲರ್ ಕ್ಯಾನ್ಸರಿನಿಂದ ಆಸ್ಪತ್ರೆ ಸೇರಿದ್ದಾಗ ಹೃದಯಾಘಾತವಾದ ನೊಯ್ಟ್ರಾನನ್ನು ತಂದು ಅದೇ ಕೋಣೆಯ ಇನ್ನೊಂದು ಹಾಸಿಗೆಯಲ್ಲಿ ಮಲಗಿಸಿದರು. ಯಾರೂ ಬೇಕಂತ ಮಾಡಿದ್ದಲ್ಲ. ಇಬ್ಬರೂ ಮತ್ತೆ ಮಾತಾಡಿದರು. ಆ ವರ್ಷವೇ ಶಿಂಡ್ಲರ್ ತೀರಿಕೊಂಡ. ಈ ಪಕ್ಷ ಆ ಪಕ್ಷ ಅಂತ ಊರಿನ ವಾಸ್ತುಶಿಲ್ಪಿಗಳು ಹೋಳಾಗಿದ್ದಾಗ, ಶಿಂಡ್ಲರ್ ಅನ್ನ ತಿಂದ ಎಸ್ತರ್ ನೊಯ್ಟ್ರಾ ಬಗ್ಗೆಯೂ ನ್ಯಾಯವಾಗಿ ಬರೆದರು. 1979ರಲ್ಲಿ ಬಂದ ವಿಯೆನ್ನಾದಿಂದ ಲಾಸ್ ಏಂಜಲೀಸಿಗೆ ಅನ್ನೋ ಪುಸ್ತಕದಲ್ಲಿ ಇಬ್ಬರ ಪತ್ರಗಳೂ ಇವೆ, ಮುದುಕ ಸಲಿವನ್ ಕೊನೆಗಾಲದಲ್ಲಿ ಶಿಂಡ್ಲರ್‌ಗೆ ಬರೆದ ಪತ್ರಗಳೂ ಇವೆ. 1984ರಲ್ಲಿ ಅವರ ಮುಂದಿನ ತಲೆಮಾರಿನವರ ಬಗ್ಗೆ ಇನ್ನೊಂದು ಪುಸ್ತಕ ಬರೆದರು. ಆಗ ಅವರಿಗೆ ಎಂಬತ್ತು.

ವಾಸ್ತುಶಿಲ್ಪಿಗಳ ರಾಷ್ಟ್ರೀಯ ಸಂಸ್ಥೆ ಗೌರವಿಸಿತು, ಸನ್ಮಾನಗಳಾದವು. ಅವರ ಕಾಗದಪತ್ರಗಳೆಲ್ಲ ಸ್ಮಿತ್ಸೋನಿಯನ್ ಸಂಸ್ಥೆಯ ಅಮೆರಿಕನ್ ಕಲೆಯ ಸಂಗ್ರಹಾಲಯಕ್ಕೆ ಸೇರಿವೆ. ಗಿಲ್ ಕಟ್ಟಿದ ಸ್ಕ್ರಿಪ್ಸ್ ಮನೆಯ ಮುಖವನ್ನ ಮುಚ್ಚಿಬಿಟ್ಟಿದ್ದ ಸೇರ್ಪಡೆಗಳನ್ನು 1990ರ ದಶಕದಲ್ಲಿ ರಾಬರ್ಟ್ ವೆಂಚೂರಿ ಮತ್ತು ಡೆನಿಸ್ ಸ್ಕಾಟ್ ಬ್ರೌನ್ ತೆಗೆಸಿ ಮತ್ತೆ ಕಾಣುವ ಹಾಗೆ ಮಾಡಿದರು. ಅದನ್ನು ನೋಡೋಕೆ ಎಸ್ತರ್ ಇರಲಿಲ್ಲ.

1989ರ ಅಕ್ಟೋಬರ್‌ನಲ್ಲಿ ಲಾಸ್ ಏಂಜಲೀಸಿನ ಸಮಕಾಲೀನ ಕಲೆಯ ಮ್ಯೂಸಿಯಂ ಕೇಸ್ ಸ್ಟಡಿ ಮನೆಗಳ ಬಗ್ಗೆ ದೊಡ್ಡ ಪ್ರದರ್ಶನ ತೆರೆಯಿತು. ಅದರ ಪುಸ್ತಕಕ್ಕೆ ಎಂಬತ್ತನಾಲ್ಕರ ಎಸ್ತರ್ ಲೇಖನ ಬರೆದುಕೊಟ್ಟಿದ್ದರು. ಹಳೇ ಗೋದಾಮಿನಂಥ ಆ ಸಭಾಂಗಣದಲ್ಲಿ ಬೆಟ್ಟದಂಚಿನ ಗಾಜಿನ ಮನೆಯನ್ನ ನಿಜವಾದ ಅಳತೆಯಲ್ಲೇ ಮತ್ತೆ ಕಟ್ಟಿದ್ದರು, ಜನ ಅದರೊಳಗೆ ಓಡಾಡಬಹುದಿತ್ತು. ಡಿಸೆಂಬರ್ 30ರಂದು ಸ್ಯಾಂಟಾ ಮೋನಿಕಾದಲ್ಲಿ ಎಸ್ತರ್ ತೀರಿಕೊಂಡರು. ಪ್ರದರ್ಶನ ಇನ್ನೂ ಮುಗಿದಿರಲಿಲ್ಲ, ಜನ ಆ ಮನೆಯೊಳಗೆ ಹೋಗಿ ಬರ್ತಾನೇ ಇದ್ದರು.